ಹವಳದ ಒಡ್ಡು

ಗಜೇಂದ್ರಗಡ
೧೮ ಅಕ್ಟೋಬರ್ ೧೯೫೨

ಪ್ರೀತಿಯ ಕಮರುನ್ನಿಸಾ,

ಮಂಗಳೂರಿನ ನಿನ್ನ ಮನೆಗೆ ಬರೆದ ಪತ್ರ ತಿರುಗಿ ನನ್ನ ಕೈಗೇ ಬಂತು. ಏನಾಯಿತೋ ಎಂದು ನಿಮ್ಮಣ್ಣ ಮದರಸಾಬರನ್ನು ಕೇಳಿದರೆ, ಬಂಡಿ ನಿಲ್ಲಿಸದೆಯೇ, "ಆಕಿ ಈಗ ಸಮುದ್ರದಾಗ ಅದಾಳ ನೋಡವ್ವಾ" ಎಂದರು. ನಾನು ಬಂಡಿಯ ಹಿಂದೆಯೇ ಓಡಿದೆ. ಆಮೇಲೆ ಬಂಡಿ ನಿಲ್ಲಿಸಿ ಬಿಡಿಸಿ ಹೇಳಿದರು. ನಿಮ್ಮವರಿಗೆ ನಡುಗಡ್ಡೆಯ ದವಾಖಾನೆಗೆ ಬದಲಿಯಾಗಿದೆಯಂತೆ, ಅಲ್ಲಿ ಹೆರಿಗೆ ಮಾಡಿಸುವವರಿಲ್ಲವೆಂದು ನಿನಗೂ ಕೆಲಸ ಕೊಟ್ಟಿದ್ದಾರಂತೆ. ನಿಮ್ಮಣ್ಣನಿಗೆ ಮಾತನ್ನು ಮೊದಲಿನಿಂದ ಹೇಳುವ ಅಭ್ಯಾಸ ಯಾವಾಗ ಬರುತ್ತದೋ.

ನಮ್ಮವರು ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿ ಮಾರು ಎಂದು ಹೇಳದ ನೆಂಟರಿಲ್ಲ. ನಾನು ಮಾರಲಿಲ್ಲ, ಗಲ್ಲಾದ ಮುಂದೆ ನಾನೇ ಕೂತೆ. ಮೊದಮೊದಲು ರೈತರು ಬಾಗಿಲಲ್ಲಿ ನಿಂತು, "ಒಳಗ ಗಂಡಸರು ಯಾರೂ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. "ಎತ್ತಿಗೆ ಬೇಕಾದ್ದು ಗೆಜ್ಜಿ, ಗಂಡಸ್ಯಾಕ ಬೇಕ್ರಿ?" ಎನ್ನುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ.

ಗೆಜ್ಜೆ, ಗೊಂಡೆ, ಹಣೆಕಟ್ಟು ಎಲ್ಲ ಚೆನ್ನಾಗಿ ಹೋಗುತ್ತಿವೆ. ಒಳ್ಳೆಯ ಕವಡೆ ಮಾತ್ರ ಸಿಗುತ್ತಿಲ್ಲ. ಎತ್ತಿನ ಕೊರಳಿಗೆ ಬೇಕು, ಎಲ್ಲಮ್ಮನ ಜೋಗತಿಯರಿಗೆ ಬೇಕು, ಮೈಲಾರದ ಗೊರವರಿಗೆ ಬೇಕು. ಮಂಗಳೂರಿನ ಅಡತಿ ಅಂಗಡಿಯ ದಲ್ಲಾಳಿಗಳು ಕಳಿಸುವ ಚೀಲದಲ್ಲಿ ಅರ್ಧ ಒಡಕು. ನರಗುಂದದ ಸಗಟು ವ್ಯಾಪಾರಿ ಪ್ರಭುಲಿಂಗಪ್ಪನವರು, "ಭಾರತ ಹುಣ್ಣಿವಿ ಜಾತ್ರಿಗೆ ಚಲೋ ಕವಡಿ ಕೊಟ್ಟೀ ಅಂದ್ರ ಇನ್ನ ಮುಂದ ನಿನ್ನ ಹತ್ರನ ತೊಗೋತೀನಿ ತಂಗೆವ್ವಾ" ಎಂದಿದ್ದಾರೆ. ಆ ಕವಡೆ ಬರುವುದು ನಿಮ್ಮ ಕಡೆಯ ನಡುಗಡ್ಡೆಗಳಿಂದಲೇ ಅಂತೆ. ಹೌದಾದರೆ ನನಗಾಗಿ ಸ್ವಲ್ಪ ಓಡಾಡು.

ಅತ್ತೆ ಹೊನ್ನವ್ವ ನಿನ್ನನ್ನು ಕೇಳಿದ್ದಾರೆ. ಸಮುದ್ರದ ಗಾಳಿಗೆ ಕಿವಿ ಕಟ್ಟಿಕೊಳ್ಳಬೇಕಂತೆ.

ನಿನ್ನ
ಸಿದ್ದಲಿಂಗವ್ವ


ಚೆರುತೀವು
೯ ಡಿಸೆಂಬರ್ ೧೯೫೨

ಪ್ರೀತಿಯ ಸಿದ್ದಲಿಂಗವ್ವ,

ನಿನ್ನ ಪತ್ರ ಮಂಜಿಯಲ್ಲಿ ಬಂತು. ಮಂಜಿ ಎಂದರೆ ಹಾಯಿ ಕಟ್ಟಿದ ಸರಕಿನ ದೋಣಿ. ಗಾಳಿ ಇದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಮಳೆಗಾಲ ಶುರುವಾದರೆ ನಾಲ್ಕು ತಿಂಗಳು ಅದೂ ಬಂದ್.

ನಮ್ಮೂರ ಕೋಟೆಗುಡ್ಡದ ಮೇಲೆ ನಿಂತರೆ ಕಾಣುವ ಎರೆ ಹೊಲವೆಲ್ಲ ನೀಲಿ ನೀರಾಯಿತೆಂದು ತಿಳಿ. ಅದರ ನಡುವೆ ರೊಟ್ಟಿಯಂತೆ ಚಪ್ಪಟೆಯಾಗಿ ಬಿದ್ದಿರುವ ಊರು ಇದು. ಗುಡ್ಡವಿಲ್ಲ, ಹಳ್ಳವಿಲ್ಲ; ತೆಂಗು, ಮರಳು, ಒಂದು ಮಸೀದಿ, ನಮ್ಮ ದವಾಖಾನೆ. ಸಮುದ್ರ ಇದನ್ನು ಯಾಕೆ ನುಂಗಿಲ್ಲ ಎಂದು ಬಂದ ದಿನವೇ ನನಗೆ ಭಯವಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಪಡುವಣ ದಂಡೆಯಲ್ಲಿ. ನೀರಿನೊಳಗೆ ಹವಳದ ಕಲ್ಲು ಬೆಳೆದು ಬೆಳೆದು ಒಡ್ಡಾಗಿ ನಿಂತಿದೆ. ನಮ್ಮಲ್ಲಿ ಹೊಲಕ್ಕೆ ಹಾಕುತ್ತಾರಲ್ಲ, ಅಂಥದ್ದೇ, ಆದರೆ ಇದನ್ನು ಯಾರೂ ಹಾಕಿದ್ದಲ್ಲ. ಹೊರಗಿನ ದೊಡ್ಡ ತೆರೆ ಅದಕ್ಕೆ ಬಡಿದು ನೊರೆಯಾಗುತ್ತದೆ. ಒಳಗೆ ಕೆರೆಯಂಥ ತಿಳಿನೀರು.

ಕವಡೆ ಸಿಗುವುದು ಆ ತಿಳಿನೀರಿನಲ್ಲಿ. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಹೋಗುತ್ತಾರೆ. ಪಡುವಣ ದಂಡೆಯ ಮನೆಯ ಜುಲೇಖಾ ನನ್ನನ್ನೂ ಕರೆದೊಯ್ದಳು. ಕಲ್ಲೆತ್ತಿದರೆ ಅದರ ಕೆಳಗೆ ಕವಡೆ ಜೀವಂತವಾಗಿ ಕೂತಿರುತ್ತದೆ, ಸಿದ್ದಲಿಂಗವ್ವ! ಕೆಲವು ಮೊಟ್ಟೆಯ ಮೇಲೆ ಕಾವು ಕೂತ ಕೋಳಿಯ ಹಾಗೆ ಕೂತಿರುತ್ತವೆ. ಅಂಥವನ್ನು ಇವರು ಮುಟ್ಟುವುದಿಲ್ಲ. ನಾನು ಒಂದು ಕಲ್ಲನ್ನು ಎತ್ತಿ ಹಾಗೇ ಬಿಟ್ಟು ಮುಂದೆ ಹೋದೆ. ಜುಲೇಖಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಅವಳ ಮಾತನ್ನು ನಮ್ಮ ಮಾತಿಗೆ ತಂದರೆ ಹೀಗೆ: "ಮಂದೀ ಮನೀ ಮಾಳಿಗಿ ಕಿತ್ತು ಹಂಗ ಬಿಟ್ಟು ಹೋಗ್ತಿಯೇನ? ಮೊದ್ಲ ಹ್ಯಾಂಗ ಇತ್ತು ಹಂಗ ಇಡು." ತಿರುಗಿ ಬಂದು ಇಟ್ಟೆ.

ಇವರೆಲ್ಲ ಸೇರಿ ಆಯ್ದು ಕೊಟ್ಟಿದ್ದನ್ನು ಇದೇ ಮಂಜಿಯಲ್ಲಿ ಕಳಿಸಿದ್ದೇನೆ. ಒಂದೂ ಒಡಕಿಲ್ಲ. ಅತ್ತೆಯವರಿಗೆ ಹೇಳು, ಕಿವಿ ಕಟ್ಟಿಕೊಂಡಿದ್ದೇನೆ.

ನಿನ್ನ
ಕಮರು


ಗಜೇಂದ್ರಗಡ
೧೦ ಫೆಬ್ರವರಿ ೧೯೫೩

ಕಮರು,

ನಿನ್ನ ಕವಡೆ ನನ್ನನ್ನು ದೊಡ್ಡ ವ್ಯಾಪಾರಿ ಮಾಡಿತು! ಪ್ರಭುಲಿಂಗಪ್ಪನವರು ಚೀಲದಲ್ಲಿ ಕೈಹಾಕಿ ಒಂದು ಮುಷ್ಟಿ ಎತ್ತಿ ಬಿಸಿಲಿಗೆ ಹಿಡಿದರು. "ಹಾಲಿನ್ಯಾಗ ಅದ್ದಿ ತಗದಂಗ ಅದಾವು" ಎಂದರು. ಭಾರತ ಹುಣ್ಣಿಮೆಗೆ ಮೊದಲೇ ಖಾಲಿ. ಅರ್ಧ ಜನ ಬರಿಗೈಲಿ ಹೋದರು.

ಈಗ ಅವರಿಗೆ ಮೊದಲಿನ ಹತ್ತು ಪಟ್ಟು ಬೇಕಂತೆ. ಹುಬ್ಬಳ್ಳಿ, ಬಾಗಲಕೋಟೆಗೂ ಕಳಿಸುತ್ತಾರಂತೆ. ನಾನು ಹೂಂ ಎಂದುಬಿಟ್ಟೆ. ಮಂಗಳೂರಿನ ಅಡತಿಯವರಿಗೆ ಬರೆದಿದ್ದೇನೆ, ಅವರು ದೊಡ್ಡ ಮಂಜಿಯನ್ನೇ ಕಳಿಸುತ್ತಾರೆ, ಜೊತೆಗೆ ಆಳುಗಳನ್ನೂ. ಹೆಂಗಸರು ಬುಟ್ಟಿಯಲ್ಲಿ ಆಯುತ್ತ ಕೂತರೆ ಎಂದಿಗೆ ಮುಗಿದೀತು? ಊರಿನವರಿಗೆ ಒಳ್ಳೆಯ ದರ ಕೊಡಿಸು, ಆ ಮಾತಿನಲ್ಲಿ ನಾನು ಹಿಂದೆ ಸರಿಯುವವಳಲ್ಲ.

ಸಾಲಿಯಲ್ಲಿ ನನ್ನ ಲೆಕ್ಕ ನೋಡಿ ಬರೆಯುತ್ತಿದ್ದವಳು ನೀನು. ಈಗ ನೋಡು, ಇಬ್ಬರೂ ಸೇರಿ ಎಂಥ ವ್ಯಾಪಾರ ಹೂಡಿದೆವು!

ಸಿದ್ದಲಿಂಗವ್ವ


ಚೆರುತೀವು
೨೮ ಏಪ್ರಿಲ್ ೧೯೫೩

ಪ್ರೀತಿಯ ಸಿದ್ದಲಿಂಗವ್ವ,

ಮಳೆಗಾಲಕ್ಕೆ ಮುಂಚಿನ ಕೊನೆಯ ಮಂಜಿ ನಾಳೆ ಹೊರಡುತ್ತದೆ. ಅದರ ಹೊಟ್ಟೆ ತುಂಬ ನಿನ್ನ ಕವಡೆ.

ದೊಡ್ಡ ಮಂಜಿ ಒಡ್ಡಿನೊಳಗೆ ಬರಲು ದಾರಿ ಸಾಲಲಿಲ್ಲ. ಒಡ್ಡಿನಲ್ಲಿ ಮೀನುಗಾರರ ದೋಣಿ ಹಾಯುವಷ್ಟು ಒಂದು ಬಾಯಿ ಮೊದಲಿನಿಂದ ಇತ್ತು. ಅಡತಿಯವರ ಆಳುಗಳು ಸಿಡಿಮದ್ದು ಹಾಕಿ ಅದನ್ನು ಅಗಲ ಮಾಡಿದರು. ಆ ಸದ್ದಿಗೆ ದವಾಖಾನೆಯ ಶೀಷೆಗಳು ಅಲುಗಿದವು. ಈಗ ಮಂಜಿ ದಂಡೆಯವರೆಗೂ ಬರುತ್ತದೆ. ಔಷಧದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ನಡೆಯುವುದು ತಪ್ಪಿತೆಂದು ನಮ್ಮವರಿಗೂ ಸಂತೋಷ.

ಆಳುಗಳ ಜೊತೆ ಊರಿನ ಹುಡುಗರೂ ಹಾರೆ ಹಿಡಿದು ನೀರಿಗಿಳಿದರು. ಕಲ್ಲು ಮೀಟಿ ಒಡೆದರೆ ಸಂದಿಯಲ್ಲಿದ್ದ ಕವಡೆಯೆಲ್ಲ ಒಮ್ಮೆಗೇ ಸಿಗುತ್ತದೆ. ಎಲ್ಲರ ಕೈಯಲ್ಲೂ ದುಡ್ಡು, ಮನೆಗಳಿಗೆ ಹೊಸ ಬಟ್ಟೆ ಬಂತು. ನಿನ್ನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು, ಹೇಳಲು ಮಾತ್ರ ಯಾರಿಗೂ ಬರುವುದಿಲ್ಲ.

ಜುಲೇಖಾ ಈಗ ಬುಟ್ಟಿ ಹಿಡಿದು ಬರುವುದಿಲ್ಲ. ಅವಳಿಗೆ ಏಳು ತಿಂಗಳು, ಅದಕ್ಕೇ ಇರಬೇಕು.

ಇನ್ನು ಸೆಪ್ಟೆಂಬರ್‌ವರೆಗೆ ನಮ್ಮ ಮಾತಿಲ್ಲ. ಚೆನ್ನಾಗಿರು.

ಕಮರು


ನರಗುಂದ
೩೦ ಜೂನ್ ೧೯೫೩

ಪ್ರೀತಿಯ ಕಮರು,

ಈ ಪತ್ರ ಮಂಗಳೂರಿನಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತ ಕೂಡುತ್ತದೆ ಎಂದು ಗೊತ್ತು. ಆದರೂ ಇವತ್ತೇ ಹೇಳಬೇಕು. ಮೇಲೆ ಊರಿನ ಹೆಸರು ನೋಡಿದೆಯಾ? ನರಗುಂದದಲ್ಲಿ ನನ್ನ ಎರಡನೆಯ ಅಂಗಡಿ ತೆಗೆದೆ. ಮೊನ್ನೆ ಕಾರಹುಣ್ಣಿಮೆಗೆ ಈ ಕಡೆಯ ಯಾವ ಎತ್ತಿನ ಕೊರಳು ನೋಡಿದರೂ ನಿನ್ನ ಕವಡೆ. ಮುಶಿಗೇರಿಯ ರೈತನೊಬ್ಬ ತನ್ನ ಜೋಡಿಯನ್ನು ಅಂಗಡಿಯ ಮುಂದೆ ನಿಲ್ಲಿಸಿ, "ಅಕ್ಕಾರ, ನೋಡ್ರಿ, ಮದುಮಕ್ಕಳಂಗ ಕಾಣತಾವು" ಎಂದ.

ಸೆಪ್ಟೆಂಬರ್ ಬಂದ ಕೂಡಲೇ ಕೆಲಸ ಶುರು ಮಾಡಿಸು. ಈ ಸಲ ಇನ್ನೂ ಹೆಚ್ಚು ಬೇಕು. ಜುಲೇಖಾಳ ಹೆರಿಗೆ ಸುಸೂತ್ರ ಆಯಿತೆಂದು ನಂಬಿದ್ದೇನೆ.

ಸಿದ್ದಲಿಂಗವ್ವ


ಚೆರುತೀವು
೬ ಅಕ್ಟೋಬರ್ ೧೯೫೩

ಸಿದ್ದಲಿಂಗವ್ವ,

ನಿನ್ನ ಪತ್ರ ಸಿಕ್ಕಿತು. ಹೊಸ ಅಂಗಡಿಯ ಸುದ್ದಿ ಓದಿ ಸಂತೋಷವಾಯಿತು. ಈ ವರ್ಷ ಕವಡೆ ಕಳಿಸಲು ಆಗುವುದಿಲ್ಲ. ಬೇರೆ ಕಡೆಯಿಂದ ಏರ್ಪಾಟು ಮಾಡಿಕೋ. ನಾವಿಬ್ಬರೂ ಆರೋಗ್ಯ. ಜುಲೇಖಾಳಿಗೆ ಹೆಣ್ಣುಮಗು.

ಕಮರುನ್ನಿಸಾ


ಗಜೇಂದ್ರಗಡ
೧೦ ನವೆಂಬರ್ ೧೯೫೩

ಶ್ರೀಮತಿ ಕಮರುನ್ನಿಸಾ ಅವರಿಗೆ,

ತಮ್ಮ ಪತ್ರ ತಲುಪಿತು. ಕಾರಣ ಬರೆಯುವಷ್ಟು ಪುರುಸೊತ್ತು ತಮಗೆ ಇರಲಿಲ್ಲವೆಂದು ಕಾಣುತ್ತದೆ. ಕಾರಣ ನನಗೆ ಇಲ್ಲಿಯೇ ಸಿಕ್ಕಿತು. ಮುಂಬಯಿಯ ವ್ಯಾಪಾರಿಗಳು ಆ ನಡುಗಡ್ಡೆಗಳ ಕವಡೆಗೆ ನನಗಿಂತ ಹೆಚ್ಚು ದರ ಕೊಡುತ್ತಿದ್ದಾರಂತೆ. ಪ್ರಭುಲಿಂಗಪ್ಪನವರು ಹೇಳಿದರು. ಹೇಳಿ, ನನ್ನ ಮುಖ ನೋಡಿ ನಕ್ಕರು. "ಗೆಳೆತನ ಗೆಳೆತನದಾಗ, ವ್ಯಾಪಾರ ವ್ಯಾಪಾರದಾಗ, ಅಲ್ಲೇನವ್ವಾ?" ಎಂದರು.

ದರ ಸಾಲದಿದ್ದರೆ ನನ್ನನ್ನು ಕೇಳಬಹುದಿತ್ತು. ಕೊಡುತ್ತಿದ್ದೆ. ಇನ್ನು ಪ್ರಭುಲಿಂಗಪ್ಪನವರೇ ನೇರವಾಗಿ ಮಂಗಳೂರಿಗೆ ಬರೆದು ತರಿಸಿಕೊಳ್ಳುತ್ತಾರಂತೆ. ಬರಲಿರುವ ಭಾರತ ಹುಣ್ಣಿಮೆಗೆ ಹತ್ತೂರಿನ ಜನಕ್ಕೆ ಮಾತು ಕೊಟ್ಟು ಕೂತವಳು ನಾನು.

ಸಿದ್ದಲಿಂಗವ್ವ


ಚೆರುತೀವು
೪ ಡಿಸೆಂಬರ್ ೧೯೫೩

ಪ್ರೀತಿಯ ಸಿದ್ದಲಿಂಗವ್ವ,

ನೀನು ನನ್ನನ್ನು ಶ್ರೀಮತಿ ಎಂದು ಕರೆದ ಪತ್ರವನ್ನು ಇವರಿಗೆ ಓದಿ ಹೇಳಿದೆ. ಇವರು ಗುಳಿಗೆಯ ಪೊಟ್ಟಣ ಕಟ್ಟುತ್ತ, "ನೀ ಖರೇ ಬರೀಲಿಲ್ಲ, ಆಕಿ ಸುಳ್ಳು ನಂಬಿದ್ಲು. ಇನ್ನರ ಬರಿ" ಎಂದರು.

ನಾನು ಕವಡೆಯನ್ನು ಯಾರಿಗೂ ಮಾರಲಿಲ್ಲ. ಪಡುವಣ ನೀರಿನಲ್ಲಿ ಕವಡೆಯೇ ಉಳಿದಿಲ್ಲ. ಹೊಸ ಅಂಗಡಿಯ ಸಂತೋಷದಲ್ಲಿದ್ದವಳಿಗೆ ಅದನ್ನು ಹೇಗೆ ಬರೆಯಲಿ ಎಂದು ಬರೆಯಲಿಲ್ಲ. ಈಗ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಜೂನ್ ಕೊನೆಯ ವಾರ, ಬೆಳಗಿನ ಹೊತ್ತು. ಜುಲೇಖಾಳಿಗೆ ನೋವು ಶುರುವಾಗಿತ್ತು. ಅವಳ ಮನೆ ಪಡುವಣ ದಂಡೆಯ ಮೇಲೆ, ಮಂಜಿ ಬರುವ ಬಾಯಿಗೆ ಎದುರಾಗಿ. ಮಳೆಗಾಲದ ತೆರೆ ಈ ಜನಕ್ಕೆ ಹೊಸದಲ್ಲ. ಪ್ರತಿ ವರ್ಷ ಅದು ಒಡ್ಡಿಗೆ ಬಡಿದು ಪುಡಿಯಾಗಿ, ದಂಡೆಗೆ ಬರುವ ಹೊತ್ತಿಗೆ ಮಕ್ಕಳು ಆಡುವಷ್ಟಾಗಿರುತ್ತಿತ್ತಂತೆ. ಈ ಸಲ ಅಗಲವಾದ ಬಾಯಿಯಿಂದ ಇಡೀ ತೆರೆ ಒಳಗೆ ಬಂತು. ನಾನು ಬಿಸಿನೀರಿಗೆಂದು ಒಲೆಯ ಕಡೆ ತಿರುಗಿದೆ, ಒಲೆ ನೀರಿನಲ್ಲಿತ್ತು.

ಜುಲೇಖಾಳ ತಾಯಿ ಕಿರುಚಲಿಲ್ಲ. "ಮಂಚ ಹಿಡಿ" ಎಂದಳು. ಅವಳೂ ನಾನೂ ಇಬ್ಬರು ನೆರೆಯವರೂ ಸೇರಿ ಮಂಚವನ್ನು ಅವಳ ಸಮೇತ ಎತ್ತಿದೆವು. ಟೊಂಕದವರೆಗೆ ನೀರು. ಹಿಂದೆ ಗೋಡೆ ಬಿದ್ದ ಸದ್ದಾಯಿತು, ತಿರುಗಿ ನೋಡಲು ಧೈರ್ಯವಾಗಲಿಲ್ಲ. ಜುಲೇಖಾ ಮಂಚದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಮಸೀದಿಯ ಕಟ್ಟೆ ಊರಿನಲ್ಲಿ ಎಲ್ಲಕ್ಕಿಂತ ಎತ್ತರ. ಅಲ್ಲಿ, ಸುತ್ತ ಸೀರೆ ಹಿಡಿದು ಹೆಂಗಸರು ನಿಂತಿದ್ದಾಗ, ಮಗು ಹುಟ್ಟಿತು. ಅದು ಅತ್ತಾಗ ನಾನೂ ಅತ್ತೆ. ಎಷ್ಟೋ ಹೆರಿಗೆ ಮಾಡಿಸಿದ್ದೇನೆ, ಅತ್ತದ್ದು ಅದೇ ಮೊದಲು.

ನೀರು ಮಧ್ಯಾಹ್ನಕ್ಕೆ ಇಳಿಯಿತು. ಬಾವಿಗಳಲ್ಲಿ ಉಳಿಯಿತು. ಇಲ್ಲಿಯ ಸಿಹಿನೀರು ಮರಳಿನ ಕೆಳಗೆ, ಉಪ್ಪುನೀರಿನ ಮೇಲೆ, ಹಾಲಿನ ಕೆನೆಯಂತೆ ತೆಳ್ಳಗೆ ನಿಂತಿರುತ್ತದೆ. ಸಮುದ್ರ ಒಮ್ಮೆ ಮೇಲಿನಿಂದ ಹರಿದರೆ ಎಲ್ಲ ಉಪ್ಪು. ಮಳೆ ನೀರು ಹಿಡಿದೆವು, ಸಾಲಲಿಲ್ಲ. ಎಳನೀರು ಕುಡಿದೆವು. ಎಳನೀರು ಕುಡಿದರೆ ತೆಂಗು ಬಲಿಯುವುದಿಲ್ಲ, ತೆಂಗು ಬಲಿಯದಿದ್ದರೆ ಕೊಬ್ಬರಿ ಇಲ್ಲ, ಕೊಬ್ಬರಿ ಇಲ್ಲದಿದ್ದರೆ ಅದನ್ನು ಮಾರಿ ತರುವ ಅಕ್ಕಿಯೂ ಇಲ್ಲ. ಬರುವ ವರ್ಷದ ಅನ್ನವನ್ನು ನಾವು ಈ ಮಳೆಗಾಲದಲ್ಲೇ ಕುಡಿದು ಮುಗಿಸಿದೆವು.

ಮೀನಾದರೂ ಇದೆಯಲ್ಲ ಎನ್ನುತ್ತೀ. ಹವಳದ ಕೊಂಬೆಗಳ ನಡುವೆ ಸಣ್ಣ ಮೀನು ಅಡಗಿ ಬದುಕುತ್ತಿದ್ದವು, ಅವನ್ನು ಹುಡುಕಿ ದೊಡ್ಡವು ಬರುತ್ತಿದ್ದವು. ಕೊಂಬೆಗಳನ್ನು ಹಾರೆ ಮುರಿದಿದೆ. ಮಗುಚಿ ಬಿಟ್ಟ ಕಲ್ಲುಗಳೆಲ್ಲ ಬಿಸಿಲಿಗೆ ಬೆಳ್ಳಗಾಗಿ ಬಿದ್ದಿವೆ. ಮೊನ್ನೆ ನೀರು ಇಳಿದಾಗ ನಾನು ಅಲ್ಲಿಯವರೆಗೆ ನಡೆದೆ. ಕಾಲ ಕೆಳಗೆ ಒಂದೂ ಜೀವ ಹರಿದಾಡಲಿಲ್ಲ.

ಹೊಳೆಮಣ್ಣೂರಿಗೆ ಮಲಪ್ರಭೆ ನುಗ್ಗಿದರೆ ರೋಣದಿಂದ ಬಂಡಿ ಹೋಗುತ್ತವೆ, ಜನ ಎತ್ತರದ ಊರಿಗೆ ನಡೆಯುತ್ತಾರೆ. ಇಲ್ಲಿ ನಡೆದು ಹೋಗಲು ಇನ್ನೊಂದು ಊರಿಲ್ಲ. ನಾಲ್ಕು ತಿಂಗಳು ಯಾರೂ ಬರುವಂತಿಲ್ಲ, ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ. ಆ ಒಡ್ಡು ಇದ್ದರೆ ಈ ಊರು ಉಂಟು. ಒಡ್ಡು ಹೋದರೆ ಚೆರುತೀವು ಎಂಬ ಹೆಸರು ಹೇಳುವವರೂ ಇರುವುದಿಲ್ಲ.

ಅಡತಿಯವರು ಮತ್ತೆ ಆಳು ಕಳಿಸುತ್ತೇವೆಂದು ಹೇಳಿ ಕಳಿಸಿದ್ದಾರೆ. ಮೂಡಣ ಕಡೆಯ ಕಲ್ಲು ಇನ್ನೂ ಒಡೆದಿಲ್ಲವಲ್ಲ, ಅದಕ್ಕೆ. ಕೊಳ್ಳುವವರು ನಿಮ್ಮ ನರಗುಂದದವರೇ ಎಂದು ನಿನ್ನ ಪತ್ರದಿಂದ ತಿಳಿಯಿತು.

ಸಿಟ್ಟು ಇಳಿದರೆ ಬರೆ. ಇಳಿಯದಿದ್ದರೂ ಬರೆ.

ನಿನ್ನ
ಕಮರು


ಗಜೇಂದ್ರಗಡ
೧೨ ಫೆಬ್ರವರಿ ೧೯೫೪

ನನ್ನ ಕಮರು,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಮಂಚ ಎತ್ತಿದ ಕಡೆ ಬಂದಾಗ ಅವರು, "ಕೂಸು ಏನಾತು, ಅದನ್ನ ಮೊದ್ಲ ಹೇಳ" ಎಂದು ನನ್ನ ಮೇಲೆ ಹರಿಹಾಯ್ದರು. ನಾನು ಎರಡು ದಿನ ಅಂಗಡಿ ತೆಗೆಯಲಿಲ್ಲ. ಮೂರನೆಯ ದಿನ ತೆಗೆದೆ, ಅಳುತ್ತ ಕೂತರೆ ಪ್ರಭುಲಿಂಗಪ್ಪನವರ ಪತ್ರ ಮಂಗಳೂರಿಗೆ ಹೋಗುವುದು ನಿಲ್ಲುವುದಿಲ್ಲವಲ್ಲ.

ಬರಿಗೈಲಿ ಹೋಗಿ ಬೇಡ ಎಂದರೆ ಅವರು ಕೇಳುವ ಆಸಾಮಿಯಲ್ಲ. ಅವರಿಗೆ ಬೇಕಾದದ್ದು ಕವಡೆ. ಅದು ಎಲ್ಲಿದೆ? ಗಲ್ಲಾದ ಮುಂದೆ ಕೂತು ಯೋಚಿಸುತ್ತಿರುವಾಗ ಮುದುಕನೊಬ್ಬ ಹರಿದ ಕವಡೆ ಸರ ತಂದು, "ಇದು ನಮ್ಮಜ್ಜನ ಎತ್ತಿಂದು, ದಾರ ಅಷ್ಟ ಹೊಸಾದು ಹಾಕಿ ಕೊಡ್ರಿ" ಎಂದ. ಆ ಕವಡೆ ನೋಡಿದೆ ಕಮರು. ಅವನ ಅಜ್ಜನ ಕಾಲದ್ದು, ನೀನು ಕಳಿಸಿದ್ದಕ್ಕಿಂತ ಹೆಚ್ಚು ಹೊಳಪು. ದಾರ ಸವೆಯುತ್ತದೆ, ಎತ್ತು ಸಾಯುತ್ತದೆ, ಕವಡೆಗೆ ಮಾತ್ರ ಏನೂ ಆಗುವುದಿಲ್ಲ! ಈ ಸೀಮೆಯಲ್ಲಿ ಎಷ್ಟು ಮನೆಯ ಅಟ್ಟದಲ್ಲಿ, ಎಷ್ಟು ಕೊಟ್ಟಿಗೆಯ ಗೂಟದಲ್ಲಿ ಹಳೆಯ ಸರ ಧೂಳು ತಿನ್ನುತ್ತಿವೆ!

ನಿಮ್ಮಣ್ಣನ ಬಂಡಿ ಹೂಡಿಸಿದೆ. ಹಿಂದೆ ಬಣ್ಣದ ಗೊಂಡೆ ಹೇರಿದೆ. ಮುಶಿಗೇರಿಯಿಂದ ಶುರು ಮಾಡಿ ಹೊಳೆಮಣ್ಣೂರು, ಕೊಣ್ಣೂರಿನವರೆಗೆ ಓಣಿ ಓಣಿ ತಿರುಗಿದೆವು. ಮದರಸಾಬರ ಗಂಟಲು ನಿನಗೆ ಗೊತ್ತಲ್ಲ. "ಹಳೇ ಕವಡಿ ಕೊಡ್ರೀ, ಹೊಸಾ ಗೊಂಡೆ ಒಯ್ರೀ!" ಹೊಳೆಮಣ್ಣೂರಿನ ಕಲ್ಲವ್ವ ಎಂಬಾಕೆ ಒಂದು ಗಡಿಗೆಯನ್ನೇ ಎತ್ತಿ ಬಂಡಿಯಲ್ಲಿ ಸುರಿದಳು. "ಯಾಕ ಬೇಕ್ರೆವ್ವಾ ಇಷ್ಟು ಹಳೇವು?" ಎಂದು ಕೇಳಿದಳು. ನಿನ್ನ ಊರಿನ ಕತೆ ಹೇಳಿದೆ. ಹೊಳೆಯ ದಂಡೆಯಾಕೆ, ಬಾವಿ ಉಪ್ಪಾದ ಮಾತಿಗೆ ಅವಳ ಮುಖವೇ ಬೇರೆಯಾಯಿತು. ಗೊಂಡೆ ತೆಗೆದುಕೊಳ್ಳಲಿಲ್ಲ.

ಚೀಲ ತುಂಬಿಕೊಂಡು ನರಗುಂದಕ್ಕೆ ಹೋದೆ. ಚೀಲಗಳನ್ನು ಹೊರಗೇ ಇಟ್ಟು ಪ್ರಭುಲಿಂಗಪ್ಪನವರ ಎದುರು ಕೂತೆ. ನಿನ್ನ ಪತ್ರ ಓದಿ ಹೇಳಿದೆ. ಕೇಳಿದರು. ಆಮೇಲೆ ಎಲೆ ಮಡಚಿ ಬಾಯಿಗೆ ಹಾಕಿಕೊಂಡು, "ಪಾಪ, ಆಗಬಾರದಿತ್ತು. ಆದ್ರ ತಂಗೆವ್ವಾ, ಅದೆಲ್ಲೋ ನಡು ಸಮುದ್ರದಾಗ ಕಲ್ಲ ಒಡದ್ರ ನರಗುಂದಕ್ಕ ಏನಾಗೇತಿ?" ಎಂದರು.

"ಕೊಣ್ಣೂರಾಗ ನಿಮ್ಮ ಹೊಲದ ಒಡ್ಡು ಕಡದು ಮಣ್ಣು ಒಯ್ದವರ ಮ್ಯಾಲೆ ಖಟ್ಲೆ ಹಾಕಿದ್ರಲ್ರಿ?"

"ಹಾಕದ ಏನ ಮಾಡಬೇಕಿತ್ತು? ಒಂದ ಮಳಿಗೆ ಅರ್ಧ ಹೊಲ ಹೊಳಿಗೆ ಹೋತು."

"ಮಣ್ಣು ಒಯ್ದವ್ರಿಗೆ ಏನಾಗಿತ್ರಿ?"

"ಅವ್ರಿಗ್ಯಾಕ ಏನಾಗತೈತಿ? ಅದು ನನ್ನ ಹೊಲ!"

"ಇದು ಅವ್ರ ಹೊಲ ರೀ" ಎಂದೆ.

ಅವರು ಎದ್ದು ಹೋಗಿ ಎಲೆ ಉಗುಳಿ ಬಂದು ಕೂತರು. ಗುಮಾಸ್ತ ತಲೆ ತಗ್ಗಿಸಿ ಏನೋ ಬರೆಯುವವನಂತೆ ಮಾಡಿದ. ಕೊನೆಗೆ, "ಮಾತು ಖರೇ. ಆದ್ರ ಹುಣ್ಣಿವಿ ಮಾರಿ ಮುಂದ ಬಂದೈತಿ. ನನಗ ಮಾಲು ಬೇಕು" ಎಂದರು. ನಾನು ಎದ್ದು ಬಾಗಿಲಿಗೆ ಹೋಗಿ ಮದರಸಾಬರನ್ನು ಕೂಗಿದೆ. ಚೀಲಗಳು ಒಳಗೆ ಬಂದವು. ಪ್ರಭುಲಿಂಗಪ್ಪನವರು ಕೈಹಾಕಿ ಎತ್ತಿದರು, ತಿರುಗಿಸಿ ನೋಡಿದರು. "ಇವು ಎಲ್ಲೀವು?"

"ನಮ್ಮ ನಿಮ್ಮ ಅಟ್ಟದಾಗಿನವು. ಯಾರ ಮನೀನೂ ಬೀಳಸದ ತಂದೀನ್ರಿ."

ನಕ್ಕುಬಿಟ್ಟರು. ಈ ಸಲ ಆ ನಗು ನನ್ನ ಮೇಲಿನದಲ್ಲ. ನಾನು ಮಾಲು ಕೊಡುವ ತನಕ ಮಂಗಳೂರಿಗೆ ಬರೆಯುವುದಿಲ್ಲ ಎಂದು ಮಾತು ಕೊಟ್ಟರು. ಹೊತ್ತಿಗೆ ಮಾಲು ಸಿಕ್ಕಿತೆಂದು ಒಪ್ಪಿದರೋ, ಹೊಲದ ಮಾತು ನಾಟಿತೋ, ನನಗೆ ಗೊತ್ತಿಲ್ಲ. ಒಪ್ಪಿದ್ದು ಸಾಕು.

ಇದರ ಜೊತೆ ಜೋಳ ಕಳಿಸಿದ್ದೇನೆ, ರೋಣದ ಎರೆಯ ಬಿಳಿಜೋಳ. ಹೊಳೆಮಣ್ಣೂರಿನವರು ತಾವೂ ಒಂದು ಚೀಲ ಕೊಟ್ಟರು. ಅನ್ನ ಉಣ್ಣುವ ಜನಕ್ಕೆ ರೊಟ್ಟಿ ಬಡಿಯಲು ನೀನೇ ಕಲಿಸಬೇಕು.

ನಿನ್ನ ಸಿದ್ದಲಿಂಗವ್ವ


ಚೆರುತೀವು
೨೦ ಏಪ್ರಿಲ್ ೧೯೫೪

ಪ್ರೀತಿಯ ಸಿದ್ದಲಿಂಗವ್ವ,

ಜೋಳ ಬಂತು. ನಾನು ರೊಟ್ಟಿ ಬಡಿಯುವುದನ್ನು ನೋಡಲು ಅರ್ಧ ಊರು ಸೇರಿತು. ಜುಲೇಖಾಳ ತಾಯಿ ತಾನು ತಟ್ಟಿದ್ದನ್ನು ಎತ್ತಿದಾಗ ಅದು ನಾಲ್ಕು ಚೂರಾಯಿತು. ಚೂರನ್ನೇ ಎಲ್ಲರೂ ಹಂಚಿಕೊಂಡು ತಿಂದರು. ಹೊಟ್ಟೆಯಲ್ಲಿ ಗಟ್ಟಿಯಾಗಿ ನಿಂತಿತು ಎಂದರು.

ನಿನ್ನ ಪತ್ರದ ವಿಷಯವನ್ನು ಇವರು ಮಸೀದಿಯ ಅಂಗಳದಲ್ಲಿ ಹಿರಿಯರಿಗೆ ಹೇಳಿದರು. ಊರೆಲ್ಲ ಕೂಡಿತು. ಹಾರೆ ಹಿಡಿದಿದ್ದ ಹುಡುಗರು ಸುಲಭಕ್ಕೆ ಒಪ್ಪಲಿಲ್ಲ. "ಕವಡೆ ಬೇಡ ಎಂದರೆ ನಾವೇನು ತಿನ್ನೋಣ? ವರ್ಷವಿಡೀ ಈ ಹೆಂಗಸು ಜೋಳ ಕಳಿಸುತ್ತಾಳೆಯೇ?" ಎಂದು ಒಬ್ಬ ಕೇಳಿದ. ಕೇಳಿದ್ದು ತಪ್ಪಲ್ಲ. ಇಲ್ಲಿ ಮನೆ ತಾಯಿಯಿಂದ ಹೆಣ್ಣುಮಕ್ಕಳಿಗೆ ಬರುತ್ತದೆ, ಅದಕ್ಕೇ ಇರಬೇಕು, ಹೆಂಗಸರಿಗೆ ಸಭೆಯ ಅಂಜಿಕೆಯಿಲ್ಲ. ಜುಲೇಖಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು, "ನನ್ನ ಮನೆ ಇದ್ದ ಜಾಗಕ್ಕೆ ಬನ್ನಿ. ಅಲ್ಲಿ ನಿಂತು ಇದೇ ಮಾತು ಕೇಳಿ" ಎಂದು ಹೊರಟೇಬಿಟ್ಟಳು. ಎಲ್ಲರೂ ಹಿಂದೆ ಹೋದರು. ಅವಳು ಮೊಣಕಾಲು ನೀರಿನಲ್ಲಿ ನಿಂತು, "ಇಲ್ಲಿ ನನ್ನ ಒಲೆ ಇತ್ತು" ಎಂದಳು. ಆ ಹುಡುಗ ನೀರಿಗಿಳಿದು ಅವಳ ಪಕ್ಕ ಹೋಗಿ ನಿಂತ.

ತೀರ್ಮಾನ ಹೀಗಾಯಿತು. ಹವಳಕ್ಕೆ ಹಾರೆ ಮುಟ್ಟಿಸಕೂಡದು. ಪಡುವಣ ಒಡ್ಡಿನ ಹತ್ತಿರ ಕವಡೆಗೆ ಯಾರೂ ಹೋಗಕೂಡದು, ಮೂಡಣ ಕಡೆ ಹೆಂಗಸರು ಬುಟ್ಟಿಯಲ್ಲಿ ಆಯುವಷ್ಟೇ. ದೊಡ್ಡ ಮಂಜಿ ಒಡ್ಡಿನ ಹೊರಗೆ ನಿಲ್ಲಬೇಕು. ಇನ್ನು ಆ ಬಾಯಿ. ಒಡೆದು ಬಿದ್ದ ಕಲ್ಲುಗಳನ್ನೇ ಹೊತ್ತು ಅದನ್ನು ಮೊದಲಿನಷ್ಟು ಕಿರಿದು ಮಾಡುತ್ತಿದ್ದೇವೆ. ನೀರು ಇಳಿದಾಗೆಲ್ಲ ಊರಿಗೆ ಊರೇ ಸಾಲುಗಟ್ಟಿ ನಿಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡ ಕಲ್ಲು ಹೊರುವವನು ಆ ಪ್ರಶ್ನೆ ಕೇಳಿದ ಹುಡುಗ. ನನ್ನ ಭುಜ ಊದಿಕೊಂಡಿದೆ, ಇವರು ಎಣ್ಣೆ ತಿಕ್ಕಿ ತಿಕ್ಕಿ ನಗುತ್ತಾರೆ.

ಸತ್ತ ಹವಳ ನಾವು ಪೇರಿಸಿದ ಕೂಡಲೇ ಬದುಕುವುದಿಲ್ಲ. ಅದು ಮತ್ತೆ ಬೆಳೆದು ನಿಲ್ಲುವುದನ್ನು ಜುಲೇಖಾಳ ಮಗು ಮುದುಕಿಯಾದ ಮೇಲೆ ನೋಡೀತು ಎನ್ನುತ್ತಾರೆ ಹಿರಿಯರು. ನಾವು ಪೇರಿಸಿದ್ದು ಬರುವ ಮಳೆಗಾಲ ತಡೆದರೆ ಸಾಕು.

ಅಡತಿಯವರು ಮಾತ್ರ ಒಪ್ಪಿಲ್ಲ. ದರ ಏರಿಸಲು ನಾವು ಕತೆ ಕಟ್ಟಿದ್ದೇವಂತೆ.

ನಾಳೆ ಕೊನೆಯ ಮಂಜಿ.

ಕಮರು


ಮಂಗಳೂರು
೨೨ ಅಕ್ಟೋಬರ್ ೧೯೫೪

ನನ್ನ ಕಮರು,

ಒಡ್ಡು ತಡೆಯಿತು, ಬಾವಿಯ ನೀರು ಮತ್ತೆ ಕುಡಿಯುವಂತಾಗಿದೆ ಎಂದು ಮಳೆ ನಿಂತ ಮೇಲೆ ನೀನು ಬರೆದದ್ದನ್ನು ಹೊಳೆಮಣ್ಣೂರಿಗೆ ಹೋಗಿ ಕಲ್ಲವ್ವನಿಗೆ ಓದಿ ಹೇಳಿ ಬಂದೆ. ಈ ವರ್ಷ ತೆಂಗು ಬಲಿತಿದೆ ಎಂದೂ ಬರೆದಿದ್ದೀ. ನಿಮ್ಮ ಕೊಬ್ಬರಿಯೆಲ್ಲ ನನಗೇ ಕೊಡಿಸು. ನಮ್ಮ ಕಡೆ ಕೊಬ್ಬರಿ ಇಲ್ಲದೆ ಒಂದು ಮದುವೆಯೂ ಆಗುವುದಿಲ್ಲ. ಏನು ತಿನ್ನೋಣ ಎಂದು ಕೇಳಿದ ಹುಡುಗರಿಗೆ ಅದೇ ನನ್ನ ಉತ್ತರ.

ಆದರೆ ಅಡತಿಯವರು ಮುಂಬಯಿಯವರಿಗಾಗಿ ಮತ್ತೆ ಆಳು ಕಳಿಸುತ್ತಾರೆಂದು ಕೇಳಿ ನಾನು ಊರಲ್ಲಿ ಕೂಡಲಾರದೆ ಹೋದೆ. ಹೊರಟಾಗ ಅತ್ತೆ, "ಗಂಡಸರ ಅಂಜತಾರ, ನೀ ಹೊಂಟೀಯಲ್ಲ!" ಎಂದರು. ಎಂದವರೇ ಜುಲೇಖಾಳ ಮಗುವಿಗೆಂದು ಒಂದು ಕುಂಚಿಗೆ ಹೊಲಿದು ಕೊಟ್ಟರು, ಗಾಳಿಗೆ ಕಿವಿ ಮುಚ್ಚಲಿ ಎಂದು. ಹುಬ್ಬಳ್ಳಿಗೆ ಬಂದು, ಘಟ್ಟ ಇಳಿದು, ಹೊಳೆಗಳನ್ನು ದೋಣಿಯಲ್ಲಿ ದಾಟಿ ಇಲ್ಲಿಗೆ ಬಂದೆ.

ಅಡತಿ ಅಂಗಡಿಯ ಯಜಮಾನರು ಮರ್ಯಾದಸ್ಥರು, ಕಾಫಿ ಕೊಟ್ಟರು. "ನೀವು ಬಿಟ್ಟರೆ ಮುಂಬಯಿಯವರು ಉಂಟಲ್ಲ ಅಮ್ಮ. ದ್ವೀಪದವರು ಸಾವಿರ ಹೇಳುತ್ತಾರೆ" ಎಂದರು.

"ನೀವು ಆ ಊರು ನೋಡೀರೇನ್ರಿ?" ಎಂದೆ.

"ಇಲ್ಲ."

"ನಾನೂ ನೋಡಿಲ್ರಿ. ನೋಡದ ನಾನು ಕೊಂಡೆ, ನೋಡದ ನೀವು ಮಾರಿದ್ರಿ. ನಡೀರಿ, ನೋಡಿ ಬರೂಣು. ನೋಡಿದ ಮ್ಯಾಲೂ ನಿಮಗ ಕಲ್ಲ ಒಡಸಬೇಕು ಅನಿಸಿದ್ರ ನಾ ಎರಡನೇ ಮಾತು ಆಡಂಗಿಲ್ಲ."

ಅವರು ನಗಲಿಲ್ಲ. ಎದ್ದು ಹೋಗಿ ಪಂಚಾಂಗ ನೋಡಿದರು, ಗಾಳಿಯ ಲೆಕ್ಕ ಕೇಳಿದರು, ಹೆಂಡತಿಯೊಡನೆ ಒಳಗೆ ಏನೋ ಮಾತಾಡಿದರು. ಹೊರಗೆ ಬಂದು, "ಆಯಿತು, ಬರುತ್ತೇನೆ" ಎಂದರು. ಆಳುಗಳನ್ನು ಸದ್ಯ ನಿಲ್ಲಿಸಿದ್ದಾರೆ.

ಮಂಜಿ ನಾಡಿದ್ದು ಹೊರಡುತ್ತದೆ. ಈ ಪತ್ರವೂ ನಾನೂ ಒಂದೇ ಮಂಜಿಯಲ್ಲಿ ಬರುತ್ತೇವೆ, ನಿನಗೆ ಯಾರು ಮೊದಲು ಸಿಗುತ್ತೇವೋ ನೋಡೋಣ. ಮಂಜಿಯವನಿಗೆ ಒಡ್ಡಿನ ಹೊರಗೇ ನಿಲ್ಲಿಸಬೇಕೆಂದು ಹೇಳಿದ್ದೇನೆ. ಅಲ್ಲಿಗೆ ಸಣ್ಣ ದೋಣಿ ಕಳಿಸು. ಯಜಮಾನರು ಸ್ವಲ್ಪ ದಪ್ಪ, ಗಟ್ಟಿ ದೋಣಿಯೇ ಇರಲಿ.

ನಿನ್ನ
ಸಿದ್ದಲಿಂಗವ್ವ